ದೂರದ ಸರಕಾರಿ ಸೀಟು, ಹತ್ತಿರದ ಖಾಸಗಿ ಸೀಟು

ನೀಟ್ ಫಲಿತಾಂಶ ಬಂದು ಕೆಇಎ ಕೌನ್ಸೆಲಿಂಗ್ ಶುರುವಾಗುವ ಹೊತ್ತಿಗೆ ನಮ್ಮ ಬ್ಯಾರಿ ಮನೆಗಳಲ್ಲಿ ಪ್ರತೀ ವರ್ಷ ಒಂದೇ ಚರ್ಚೆ. ಮಗಳಿಗೆ ಒಳ್ಳೆಯ ರ‍್ಯಾಂಕ್ ಬಂದಿದೆ. ಕಾರವಾರದಲ್ಲೋ ಗದಗದಲ್ಲೋ ಚಾಮರಾಜನಗರದಲ್ಲೋ ಸರಕಾರಿ ಮೆಡಿಕಲ್ ಸೀಟು ಸಿಗುವ ಹಾಗೆ ಉಂಟು. ಮನೆಯಲ್ಲಿ ಸಂತೋಷ ಆಗಿ ಎರಡು ದಿನ ಕಳೆಯುವುದಿಲ್ಲ, ಸಂಬಂಧಿಕರಲ್ಲಿ ಯಾರಾದರೂ ಒಬ್ಬರು ಮಾತು ತೆಗೆಯುತ್ತಾರೆ: "ಅಷ್ಟು ದೂರ ಹೆಣ್ಣು ಮಗುವನ್ನು ಯಾಕೆ ಕಳಿಸ್ತೀರಿ? ಇಲ್ಲೇ ಮಂಗಳೂರಲ್ಲಿ ಬೇಕಾದಷ್ಟು ಕಾಲೇಜು ಉಂಟಲ್ಲ. ಹಣ ಹೇಗಾದರೂ ಹೊಂದಿಸಿದರಾಯಿತು."

ಈ "ಹೇಗಾದರೂ" ಎಂಬ ಮಾತಿನ ಒಳಗೆ ಎಷ್ಟು ಹಣ ಉಂಟು, ಅದು ಯಾರ ಹಣ ಎಂಬುದನ್ನು ಕೌನ್ಸೆಲಿಂಗ್‌ನ ಗಡಿಬಿಡಿಯಲ್ಲಿ ಯಾರೂ ಕುಳಿತು ಲೆಕ್ಕ ಹಾಕುವುದಿಲ್ಲ. ಈ ವಾರ ಆ ಲೆಕ್ಕವನ್ನೇ ಸ್ವಲ್ಪ ಹಾಕಿ ನೋಡೋಣ ಅಂತ ನಮ್ಮ ಆಲೋಚನೆ.

ಮೊದಲು ನಮ್ಮ ಜಿಲ್ಲೆಯ ಪರಿಸ್ಥಿತಿ. ಮಂಗಳೂರಿನ ಸುತ್ತಮುತ್ತ, ಸುಳ್ಯದ್ದೂ ಸೇರಿಸಿದರೆ, ಎಂಟು ಮೆಡಿಕಲ್ ಕಾಲೇಜುಗಳಿವೆ. ಒಂದೂ ಸರಕಾರದ್ದಲ್ಲ. ಉಡುಪಿಯಲ್ಲೂ ಇಲ್ಲ. ನಮ್ಮ ಬಡವರೆಲ್ಲ ಹೋಗುವ ವೆನ್ಲಾಕ್ ಮತ್ತು ಲೇಡಿಗೋಷನ್ ಸರಕಾರಿ ಆಸ್ಪತ್ರೆಗಳೇ. ಆದರೆ ಅಲ್ಲಿ ಕಲಿಯುವುದು ಕೆಎಂಸಿಯ ವಿದ್ಯಾರ್ಥಿಗಳು. ಹಾಗಾಗಿ ನಮ್ಮ ಮಗುವಿಗೆ ಸರಕಾರಿ ಕಾಲೇಜು ಬೇಕೆಂದರೆ ಘಾಟಿ ಹತ್ತಲೇಬೇಕು, ಇಲ್ಲವೇ ಕೊಂಕಣ ರೈಲು ಹಿಡಿಯಲೇಬೇಕು. ಮಡಿಕೇರಿ, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಕಾರವಾರ ಇವು ಹತ್ತಿರದವು. ಹತ್ತಿರದವು ಅಂದರೂ ಮಳೆಗಾಲದಲ್ಲಿ ಶಿರಾಡಿ, ಸಂಪಾಜೆ ಘಾಟಿಯ ಕಥೆ ನಮಗೆಲ್ಲ ಗೊತ್ತು. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದಾಗ ಮಡಿಕೇರಿ ರಸ್ತೆ ಎಷ್ಟು ದಿನ ಬಂದ್ ಆಗಿತ್ತು ಎಂಬುದನ್ನು ಮರೆತಿಲ್ಲ.

ಈಗ ಫೀಸಿನ ವಿಷಯ. ಇತ್ತೀಚಿನ ವರ್ಷಗಳ ಶುಲ್ಕವನ್ನು ಹಿಡಿದರೆ ಸರಕಾರಿ ಕಾಲೇಜಿನ ಸೀಟಿಗೆ ವರ್ಷಕ್ಕೆ ಸುಮಾರು 60 ಸಾವಿರ ರೂಪಾಯಿ. ಖಾಸಗಿ ಕಾಲೇಜಿನಲ್ಲಿ ಸರಕಾರಿ ಕೋಟಾದ ಸೀಟಿಗೆ ಸುಮಾರು ಒಂದೂವರೆ ಲಕ್ಷ. ಅದೇ ಖಾಸಗಿ ಕಾಲೇಜಿನ ಖಾಸಗಿ ಕೋಟಾದ ಸೀಟಿಗೆ ಸುಮಾರು 12 ಲಕ್ಷ. ಡೀಮ್ಡ್ ವಿಶ್ವವಿದ್ಯಾನಿಲಯಗಳದ್ದು ಅದಕ್ಕಿಂತಲೂ ಮೇಲೆ. ಈ ವರ್ಷದ ಸರಿಯಾದ ಅಂಕಿಯನ್ನು ಕೆಇಎ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು, ಏಜೆಂಟರ ಬಾಯಲ್ಲಿ ಕೇಳಬಾರದು. ಕೋರ್ಸ್ ನಾಲ್ಕೂವರೆ ವರ್ಷದ್ದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಫೀಸು ನಾಲ್ಕೂವರೆ ವರ್ಷಕ್ಕೋ ಐದು ವರ್ಷಕ್ಕೋ ಎಂಬುದನ್ನೂ ಖಾಸಗಿ ಕಾಲೇಜಿನಲ್ಲಿ ಮೊದಲೇ ಕೇಳಿ ಬರೆಯಿಸಿಕೊಳ್ಳಬೇಕು. ಆ ಅರ್ಧ ವರ್ಷದ ವ್ಯತ್ಯಾಸವೇ ಆರು ಲಕ್ಷ!

ನಮ್ಮ ಮನೆಗಳಲ್ಲಿ "ಹತ್ತಿರ" ಮತ್ತು "ದೂರ" ಅಂತ ಮಾತಾಡುವಾಗ ಎರಡು ಬೇರೆ ಬೇರೆ ಆಯ್ಕೆಗಳನ್ನು ಒಂದೇ ಎಂದು ತಿಳಿದುಕೊಳ್ಳುತ್ತೇವೆ. ಗೊಂದಲ ಎಲ್ಲ ಅಲ್ಲಿಂದ ಶುರು.

ಒಂದನೆಯದು ದೂರದ ಸರಕಾರಿ ಸೀಟು ಮತ್ತು ಹತ್ತಿರದ ಖಾಸಗಿ ಕಾಲೇಜಿನ ಸರಕಾರಿ ಕೋಟಾ ಸೀಟು. ಗದಗದಲ್ಲಿ ನಾಲ್ಕೂವರೆ ವರ್ಷದ ಫೀಸು ಎರಡು ಲಕ್ಷ 70 ಸಾವಿರ. ಹಾಸ್ಟೆಲ್ ಮತ್ತು ಮೆಸ್‌ಗೆ ತಿಂಗಳಿಗೆ ಏಳು ಸಾವಿರ ಅಂತ ಹಿಡಿಯಿರಿ, 54 ತಿಂಗಳಿಗೆ ಸುಮಾರು ಮೂರು ಲಕ್ಷ 80 ಸಾವಿರ. ವರ್ಷಕ್ಕೆ ನಾಲ್ಕೈದು ಸಲ ಬಂದು ಹೋಗುವ ಖರ್ಚು, ಶುರುವಿನ ವರ್ಷ ಕರೆದುಕೊಂಡು ಹೋಗಿ ಬರಲು ಒಬ್ಬರು ಜೊತೆಗೆ. ಎಲ್ಲ ಸೇರಿ ಏಳರಿಂದ ಏಳೂವರೆ ಲಕ್ಷ ಆಗುತ್ತದೆ. ಇತ್ತ ಮಂಗಳೂರಿನ ಖಾಸಗಿ ಕಾಲೇಜಿನ ಸರಕಾರಿ ಕೋಟಾದಲ್ಲಿ ಫೀಸು ಸುಮಾರು ಆರು ಮುಕ್ಕಾಲು ಲಕ್ಷ, ಮಗು ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರಬಹುದು. ಅಂದರೆ ಎರಡೂ ಹತ್ತಿರ ಹತ್ತಿರ ಸಮ. ಇಲ್ಲಿ ಹತ್ತಿರದ ಸೀಟನ್ನು ಆರಿಸಿಕೊಂಡ ಮನೆಯವರನ್ನು ಯಾರೂ ದೂರುವ ಹಾಗಿಲ್ಲ. ಕಾಲೇಜು ಫೀಸಿನ ಮೇಲೆ "ಇತರ ಶುಲ್ಕ" ಅಂತ ಎಂತದೆಲ್ಲ ಹಾಕುತ್ತಾರೆ ಎಂದು ಈಗ ಓದುತ್ತಿರುವ ಮಕ್ಕಳ ಹೆತ್ತವರಲ್ಲಿ ಕೇಳಿಕೊಂಡರೆ ಸಾಕು. "ಸರಕಾರಿ ಕಾಲೇಜು ಅಂದರೆ ಫ್ರೀ" ಎಂದು ತಿಳಿದು ಹತ್ತಿರದ ಸರಕಾರಿ ಕೋಟಾ ಸೀಟನ್ನು ಬಿಟ್ಟವರೂ ಇದ್ದಾರೆ. ಅದೂ ಸರಿಯಲ್ಲ.

ಎರಡನೆಯದು ದೂರದ ಸರಕಾರಿ ಸೀಟು ಮತ್ತು ಹತ್ತಿರದ ಖಾಸಗಿ ಕೋಟಾ ಸೀಟು. ಇಲ್ಲಿ ಒಂದು ಕಡೆ ಏಳೂವರೆ ಲಕ್ಷ, ಇನ್ನೊಂದು ಕಡೆ 54 ಲಕ್ಷ. ಮಧ್ಯೆ ಇರುವ 46 ಲಕ್ಷ ಯಾವುದಕ್ಕೆ? ಪಾಠಕ್ಕಲ್ಲ. ಗದಗದ ಸರಕಾರಿ ಕಾಲೇಜಾಗಲಿ, ಮಂಗಳೂರಿನ ಫಾದರ್ ಮುಲ್ಲರ್, ಎಜೆ, ಕಣಚೂರು ಆಗಲಿ, ಸುಳ್ಯದ ಕೆವಿಜಿ ಆಗಲಿ, ಎಲ್ಲವೂ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಒಂದೇ ಪ್ರಶ್ನೆಪತ್ರಿಕೆ, ಒಂದೇ ಡಿಗ್ರಿ. ಹೊರಗೆ ಬಂದ ಮೇಲೆ ಬೋರ್ಡಿನಲ್ಲಿ ಎಂಬಿಬಿಎಸ್ ಅಂತಲೇ ಬರೆಯುವುದು. ಆ 46 ಲಕ್ಷ ಕೊಡುವುದು ಮಗಳು ರಾತ್ರಿ ಮನೆಯಲ್ಲಿ ಮಲಗುತ್ತಾಳೆ ಎಂಬ ಸಮಾಧಾನಕ್ಕೆ. ಸಮಾಧಾನಕ್ಕೆ ಬೆಲೆ ಇಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಆ ಬೆಲೆಯನ್ನು ಯಾರು ಕೊಡುತ್ತಿದ್ದಾರೆ ಎಂದು ನೋಡಬೇಕಲ್ಲವೇ?

ಈ ವರ್ಷ ಸೌದಿಯಿಂದ ಬಂದುಬಿಡುತ್ತೇನೆ, ಊರಲ್ಲೇ ಎಂತಾದರೂ ಸಣ್ಣ ವ್ಯಾಪಾರ ನೋಡಿಕೊಳ್ಳುತ್ತೇನೆ ಅಂದಿದ್ದ ಬಾಪ ಮತ್ತೆ ಇಕಾಮಾ ರಿನೀವ್ ಮಾಡಿಸುತ್ತಾರೆ. ಆಗಲೇ ಶುಗರ್ ಇರುತ್ತದೆ, ಬಿಪಿ ಇರುತ್ತದೆ. ಉಮ್ಮನ ಬಂಗಾರ ಹೋಗುತ್ತದೆ. ಮನೆ ಕಟ್ಟಲೆಂದು ತೆಗೆದಿಟ್ಟ ಹತ್ತು ಸೆಂಟ್ಸ್ ಜಾಗ ಅರ್ಜೆಂಟಿಗೆ ಸಿಕ್ಕಿದ ರೇಟಿಗೆ ಹೋಗುತ್ತದೆ. ಪಿಯುಸಿಯಲ್ಲಿರುವ ತಮ್ಮನಿಗೆ "ನೀನು ಎಂತಾದರೂ ಡಿಪ್ಲೊಮಾ ಮಾಡು" ಎಂದಾಗುತ್ತದೆ. ಬಡ್ಡಿ ಬೇಡ ಅಂತ ಬ್ಯಾಂಕಿನ ಎಜುಕೇಶನ್ ಲೋನ್ ತೆಗೆಯದವರು ಚಿನ್ನ ಅಡವಿಡುತ್ತಾರೆ, ಅದಕ್ಕೂ ಬಡ್ಡಿ ಉಂಟು ಎಂಬುದು ಬೇರೆ ಮಾತು. ಲೋನ್ ತೆಗೆದರೂ 40 ಲಕ್ಷಕ್ಕೆ ಶೇ.10ರಂತೆ ವರ್ಷಕ್ಕೆ ಬಡ್ಡಿಯೇ ನಾಲ್ಕು ಲಕ್ಷ. ಎಂಬಿಬಿಎಸ್ ಮುಗಿಸಿ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿ ಸೇರಿದ ಮಗುವಿನ ಸಂಬಳದಲ್ಲಿ ಆ ಬಡ್ಡಿ ಕಟ್ಟಿದರೆ ಉಳಿಯುವುದೆಷ್ಟು ಎಂದು ಯಾವ ಯುವ ಡಾಕ್ಟರಲ್ಲಿ ಬೇಕಾದರೂ ಕೇಳಿ ನೋಡಿ.

ಇನ್ನೊಂದು ಮಾತು, ಇದನ್ನು ಹೆಚ್ಚಿನ ಹೆತ್ತವರು ಆ ಹೊತ್ತಿನಲ್ಲಿ ನೆನೆಸುವುದೇ ಇಲ್ಲ. ಎಂಬಿಬಿಎಸ್ ಈಗ ಕೊನೆಯಲ್ಲ, ಅರ್ಧ ದಾರಿ. ಮಂಗಳೂರಿನಂತಹ ಊರಿನಲ್ಲಿ ಬರೀ ಎಂಬಿಬಿಎಸ್ ಹಿಡಿದುಕೊಂಡು ನಿಲ್ಲುವುದು ಕಷ್ಟ. ಮತ್ತೆ ನೀಟ್ ಪಿಜಿ, ಮತ್ತೆ ಮೂರು ವರ್ಷ ಎಂಡಿಯೋ ಎಂಎಸ್ಸೋ. ಎಂಬಿಬಿಎಸ್‌ಗೇ ಮನೆಯ ಹಣವೆಲ್ಲ ಸುರಿದವರು ಪಿಜಿ ಹೊತ್ತಿಗೆ ಬರಿಗೈ. ಸರಕಾರಿ ಕಾಲೇಜಿನಲ್ಲಿ ಓದಿದ ಮಗುವಿನ ಮನೆಯಲ್ಲಿ ಆ ಜಾಗ ಇನ್ನೂ ಉಳಿದಿರುತ್ತದೆ, ಉಮ್ಮನ ಬಂಗಾರವೂ ಉಳಿದಿರುತ್ತದೆ. ಒಂದೆರಡು ವರ್ಷ ಕುಳಿತು ಪಿಜಿಗೆ ಓದಲು ಆ ಮಗುವಿಗೆ ಪುರುಸೊತ್ತೂ ಇರುತ್ತದೆ, ಸಾಲಗಾರರ ಫೋನ್ ಬರುವುದಿಲ್ಲ.

ಇನ್ನು ದೂರದ ವಿಷಯಕ್ಕೇ ಬರೋಣ. ಹೆಣ್ಣು ಮಗುವನ್ನು ದೂರ ಕಳಿಸುವ ಹೆದರಿಕೆ ಸುಳ್ಳಲ್ಲ. ಉಮ್ಮಂದಿರಿಗೆ ನಿದ್ದೆ ಬರುವುದಿಲ್ಲ. ಆದರೆ ಇದೇ ಮಕ್ಕಳನ್ನು ನಾವು ಪಿಯುಸಿ ಮತ್ತು ನೀಟ್ ಕೋಚಿಂಗ್‌ಗೆ ಎಲ್ಲಿಗೆಲ್ಲ ಕಳಿಸಿದ್ದೇವೆ? ಬೀದರಿನ ಶಾಹೀನ್‌ಗೆ ಕಳಿಸಿದವರಿದ್ದಾರೆ, ಕೇರಳದ ಕೋಚಿಂಗ್ ಸೆಂಟರ್‌ಗಳ ಹಾಸ್ಟೆಲಿನಲ್ಲಿ ಬಿಟ್ಟವರಿದ್ದಾರೆ. 17 ವರ್ಷದ ಹುಡುಗಿ ಕೋಚಿಂಗ್‌ಗೆ ಬೀದರಿಗೆ ಹೋಗಬಹುದಂತೆ, 18 ವರ್ಷದ ಹುಡುಗಿ ಡಾಕ್ಟರ್ ಆಗಲು ಗದಗಕ್ಕೆ ಹೋಗಬಾರದಂತೆ. ಎಂತ ನ್ಯಾಯ ಇದು? ಗಂಡು ಹುಡುಗನಾದರೆ ನಾವು ದೂರದ ಮಾತೇ ಎತ್ತುವುದಿಲ್ಲ. ಕಡಿಮೆ ಮಾರ್ಕು ಬಂದರೂ ಹೊರದೇಶಕ್ಕೆ ಕಳಿಸಲು ತಯಾರು. ಅಲ್ಲಿಂದ ಬಂದವರು ಇಲ್ಲಿ ಪ್ರಾಕ್ಟೀಸ್ ಮಾಡಲು ಬರೆಯಬೇಕಾದ ಎಫ್‌ಎಂಜಿಇ ಪರೀಕ್ಷೆಯಲ್ಲಿ ಪ್ರತೀ ಸಲ ಪಾಸಾಗುವವರಿಗಿಂತ ಫೇಲಾಗುವವರೇ ತುಂಬಾ ಜಾಸ್ತಿ ಎಂದು ಗೊತ್ತಿದ್ದರೂ! ಅದೇ ಮನೆಯಲ್ಲಿ ಸರಕಾರಿ ಸೀಟಿಗೆ ರ‍್ಯಾಂಕ್ ತಂದ ಅಕ್ಕ, ದೂರ ಎಂಬ ಒಂದೇ ಕಾರಣಕ್ಕೆ, ಮನೆ ಹತ್ತಿರ ಬೇರೆ ಯಾವುದೋ ಕೋರ್ಸಿಗೆ ಸೇರುತ್ತಾಳೆ. ಇಂಥದ್ದು ನಮ್ಮ ಊರುಗಳಲ್ಲಿ ಆಗುತ್ತಿದೆ. ಖಾಸಗಿ ಸೀಟಿಗೆ ಸಾಲ ಮಾಡುವುದಕ್ಕಿಂತಲೂ ಇದು ದೊಡ್ಡ ನಷ್ಟ.

ಸರಕಾರಿ ಸೀಟು ಸುಮ್ಮನೆ ಬರುವಂಥದ್ದೂ ಅಲ್ಲ. 2ಬಿಯಲ್ಲಿ ನಮಗಿರುವುದು ಶೇ.4. ಅದನ್ನೂ 2023ರ ಮಾರ್ಚ್‌ನಲ್ಲಿ ಆಗಿನ ಸರಕಾರ ರದ್ದು ಮಾಡಿತ್ತು, ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲಷ್ಟೇ ಅದು ಜಾರಿಯಾಗದೆ ನಿಂತಿತು. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿಯ ಕಾಲೇಜುಗಳಲ್ಲಿ 371(ಜೆ) ಪ್ರಕಾರ ಶೇ.70 ಸೀಟು ಆ ಭಾಗದವರಿಗೇ. ಅದು ನ್ಯಾಯವೇ, ಹಿಂದುಳಿದ ಪ್ರದೇಶದ ಹಕ್ಕು ಅದು. ಆದರೆ ಅದರಿಂದ ನಮ್ಮ ಕರಾವಳಿಯ ಮಗುವಿಗೆ ಅಲ್ಲಿ ಉಳಿಯುವ ಜಾಗ ಇನ್ನೂ ಕಡಿಮೆ. ಇಷ್ಟು ಸಣ್ಣ ಬಾಗಿಲಿನಲ್ಲಿ ಒಳಗೆ ಹೋದ ಮಗುವನ್ನು ನಾವೇ ಕೈ ಹಿಡಿದು ಹೊರಗೆ ಎಳೆಯುವುದು ಬೇಡ.

ಕಲಿಕೆ ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಎಲ್ಲ ಸರಕಾರಿ ಕಾಲೇಜುಗಳೂ ಒಂದೇ ಅಲ್ಲ. ಮೈಸೂರಿನ ಕಾಲೇಜು 1924ರದ್ದು, ಹುಬ್ಬಳ್ಳಿ, ಬಳ್ಳಾರಿಯವೂ ಹಳೆಯವು, ಹೆಸರು ಮಾಡಿದವು. ಅಲ್ಲಿ ಸೀಟು ಬಂದರೆ ಮರುಯೋಚನೆ ಬೇಡ. ಕಾರವಾರ, ಮಡಿಕೇರಿ, ಗದಗ, ಚಾಮರಾಜನಗರದವು ಅವುಗಳಿಗಿಂತ ತುಂಬಾ ಹೊಸವು. ಚಿಕ್ಕಮಗಳೂರು, ಹಾವೇರಿ, ಯಾದಗಿರಿಯವು ಇನ್ನೂ ಹೊಸವು. ಹೊಸ ಕಾಲೇಜಿನಲ್ಲಿ ಬೋಧಕರ ಕೊರತೆ ಇರಬಹುದು, ಹಾಸ್ಟೆಲ್ ಪೂರ್ತಿ ಆಗಿರಲಿಕ್ಕಿಲ್ಲ. ಆದರೆ ಜಿಲ್ಲಾಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳಿಗೆ ಕೊರತೆ ಇಲ್ಲ. ಹೆರಿಗೆ, ಹಾವು ಕಚ್ಚಿದ್ದು, ಟಿಬಿ, ಅಪಘಾತ ಎಲ್ಲವೂ ಅಲ್ಲಿಗೇ ಬರುವುದು. ಇಂಟರ್ನ್‌ಶಿಪ್‌ನಲ್ಲಿ ಕೈಯಿಂದ ಮಾಡಿ ಕಲಿಯುವುದು ಅಂದರೆ ಅದು. ಖಾಸಗಿ ಆಸ್ಪತ್ರೆಗಳಲ್ಲಿ ಕೆಲವು ಕಡೆ ಯಂತ್ರಗಳು ಚೆಂದ, ವಾರ್ಡು ಖಾಲಿ. ಹಾಗಾಗಿ ಕಟ್ಟಡ ನೋಡಿ ಮರುಳಾಗದೆ ಬೆಳಗ್ಗೆ ಹತ್ತು ಗಂಟೆಗೆ ಹೋಗಿ ಹೊರರೋಗಿ ವಿಭಾಗದಲ್ಲಿ ಅರ್ಧ ಗಂಟೆ ಕುಳಿತು ನೋಡಿ. ಎಷ್ಟು ಜನ ಬರುತ್ತಾರೆ, ವಾರ್ಡಿನಲ್ಲಿ ಎಷ್ಟು ಮಂಚ ತುಂಬಿದೆ ಎಂಬುದು ಯಾವ ಬ್ರೋಷರ್‌ಗಿಂತಲೂ ಹೆಚ್ಚು ಹೇಳುತ್ತದೆ.

ಭಾಷೆಯ ಕಷ್ಟ ಸ್ವಲ್ಪ ದಿನ ಇರುತ್ತದೆ. ನಮ್ಮ ಮಕ್ಕಳಿಗೆ ಬ್ಯಾರಿ, ತುಳು, ಮಲಯಾಳಂ, ನಮ್ಮ ಮಂಗಳೂರು ಕನ್ನಡ ಬರುತ್ತದೆ. ಹೆಸರು ನೋಡಿ ಅಲ್ಲಿನ ಅಜ್ಜಿಯಂದಿರು ಉರ್ದುವಿನಲ್ಲಿ ಮಾತಿಗೆ ಶುರು ಮಾಡಿದರೆ ನಮ್ಮ ಮಗು ಬೆಬ್ಬೆಬ್ಬೆ. ಆರು ತಿಂಗಳಲ್ಲಿ ಉತ್ತರ ಕರ್ನಾಟಕದ ಕನ್ನಡವೂ ದಖ್ಖನಿಯೂ ಬಾಯಿಗೆ ಬರುತ್ತದೆ, ಡಾಕ್ಟರಿಗೆ ಅದು ಲಾಭವೇ.

ಹಾಸ್ಟೆಲ್ ಊಟ, ನಮಾಝ್‌ಗೆ ಜಾಗ, ಹಿಜಾಬ್, ಇದೆಲ್ಲ ಕೇಳಬೇಕಾದ ಪ್ರಶ್ನೆಗಳೇ. 2022ರ ನಂತರ ಯಾವ ಹೆತ್ತವರೂ ಕೇಳದೆ ಇರುವುದಿಲ್ಲ. ಆದರೆ ದೂರದ ಕಾಲೇಜಿಗೆ ಮಾತ್ರ ಈ ಪ್ರಶ್ನೆ, ಹತ್ತಿರದ್ದು ಹೇಗೂ ಸರಿ ಇರುತ್ತದೆ ಎಂದು ಊಹಿಸುವುದು ಬೇಡ. ಎರಡೂ ಕಡೆ ಈಗ ಅಲ್ಲೇ ಓದುತ್ತಿರುವ ನಮ್ಮ ಹುಡುಗಿಯರಲ್ಲಿ ನೇರ ಕೇಳಿ. ಪ್ರಯಾಣದ ಬಗ್ಗೆಯೂ ಹಾಗೆಯೇ, ಮ್ಯಾಪ್ ನೋಡಿ ಹೆದರುವ ಮೊದಲು ರೈಲು ನೋಡಿ. ವಿಜಯಪುರಕ್ಕೆ ಹೋಗುವ ರೈಲು ಮಂಗಳೂರಿನಿಂದ ಹಾಸನ, ಹಾವೇರಿ, ಹುಬ್ಬಳ್ಳಿ, ಗದಗದ ಮೇಲೆಯೇ ಹೋಗುತ್ತದೆ. ಕಾರವಾರಕ್ಕೆ ಕೊಂಕಣ ರೈಲು ಉಂಟು. ಮೈಸೂರು, ಹಾಸನದ ಬಸ್ಸುಗಳಿಗೆ ಲೆಕ್ಕವೇ ಇಲ್ಲ.

ಎಲ್ಲ ಮನೆಗೂ ಒಂದೇ ಉತ್ತರ ಎಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ನೋಡಿಕೊಳ್ಳಲು ಆ ಮಗಳು ಬಿಟ್ಟರೆ ಬೇರೆ ಯಾರೂ ಇಲ್ಲ ಅಂದರೆ ಅದು ಬೇರೆ. ಮಗುವಿಗೇ ಆರೋಗ್ಯ ಸರಿ ಇಲ್ಲ ಅಂದರೆ ಬೇರೆ. 54 ಲಕ್ಷ ಕೈಯಲ್ಲೇ ಇರುವ ಮನೆಯವರು ಅದನ್ನು ತಮ್ಮ ಮಗುವಿಗೆ ಖರ್ಚು ಮಾಡಿದರೆ ನಾವು ಯಾರು ಕೇಳಲಿಕ್ಕೆ? ಮಗಳನ್ನೇ ಕೂರಿಸಿ ಕೇಳಿದಾಗ ಅವಳೇ "ನನಗೆ ಅಷ್ಟು ದೂರ ಬೇಡ ಉಮ್ಮ" ಅಂದರೆ ಅದಕ್ಕೂ ಬೆಲೆ ಕೊಡಬೇಕು. ಆದರೆ ಕೇಳಬೇಕು. ಎಷ್ಟೋ ಮನೆಗಳಲ್ಲಿ ಮಾವಂದಿರು, ಚಿಕ್ಕಪ್ಪಂದಿರು, ಗಲ್ಫಿನಿಂದ ವಾಟ್ಸಾಪ್ ಕಾಲ್‌ನಲ್ಲಿ ಇಚ್ಚಂದಿರು ಎಲ್ಲ ಸೇರಿ ತೀರ್ಮಾನ ಮಾಡಿರುತ್ತಾರೆ, ಎರಡು ವರ್ಷ ರಾತ್ರಿ ಹಗಲು ಓದಿದವಳು ಒಳಗೆ ಚಾ ಮಾಡುತ್ತಿರುತ್ತಾಳೆ.

ಈ ಮಾತುಕತೆ ಸೀಟು ಅಲಾಟ್ ಆದ ಮೇಲೆ ಅಲ್ಲ, ಕೆಇಎಯಲ್ಲಿ ಆಪ್ಶನ್ ಎಂಟ್ರಿ ಮಾಡುವ ಮೊದಲೇ ಆಗಬೇಕು. ಆಪ್ಶನ್ ಹಾಕುವ ಕ್ರಮವೇ ಮುಖ್ಯ. ಮೇಲೆ ಹಾಕಿದ ಕಾಲೇಜು ಸಿಕ್ಕಿದರೆ ಕೆಳಗಿನದ್ದು ಮತ್ತೆ ನಿಮಗಿಲ್ಲ. ಖಾಸಗಿ ಕೋಟಾದ ಆಪ್ಶನನ್ನು "ಒಂದು ಇರಲಿ" ಅಂತ ಮೇಲೆ ಹಾಕಿ, ಅದೇ ಅಲಾಟ್ ಆಗಿ, ಕೆಳಗಿದ್ದ ಸರಕಾರಿ ಸೀಟು ಕೈ ತಪ್ಪುವುದುಂಟು. ಕೊನೆಯ ಸುತ್ತುಗಳಲ್ಲಿ ಸಿಕ್ಕಿದ ಸೀಟು ಬಿಟ್ಟರೆ ಕಟ್ಟಿದ ಹಣ ಹೋಗುತ್ತದೆ, ದಂಡವೂ ಬೀಳಬಹುದು. ನಿಯಮ ಪ್ರತೀ ವರ್ಷ ಸ್ವಲ್ಪ ಬದಲಾಗುತ್ತದೆ, ಆ ವರ್ಷದ ಪ್ರಕಟಣೆಯನ್ನೇ ಪೂರ್ತಿ ಓದಬೇಕು. "ಈಗ ಅಲ್ಲಿ ಸೇರಿ, ಮುಂದಿನ ವರ್ಷ ಮಂಗಳೂರಿಗೆ ಟ್ರಾನ್ಸ್‌ಫರ್ ಮಾಡಿಸುವ" ಎಂದು ಯಾರಾದರೂ ಹೇಳಿದರೆ ನಂಬಿ ಸೀಟು ತೆಗೆಯಬೇಡಿ. ಸರಕಾರಿ ಸೀಟಿನಲ್ಲಿ ಓದಿದವರಿಗೆ ಗ್ರಾಮೀಣ ಸೇವೆಯ ಬಾಂಡ್ ಇರುತ್ತದೆ, ಸಹಿ ಹಾಕುವ ಮೊದಲು ಅದನ್ನೂ ಓದಿ. ಹೆದರುವಂಥದ್ದು ಏನಿಲ್ಲ, ಸರಕಾರಿ ಆಸ್ಪತ್ರೆಯಲ್ಲಿ ಸಂಬಳ ಪಡೆದು ಮಾಡುವ ಕೆಲಸ ಅದು.

ದಾಖಲೆಗಳ ಬಗ್ಗೆ ಒಂದು ಮಾತು. 2ಬಿ ಸರ್ಟಿಫಿಕೇಟ್‌ಗೆ ಆದಾಯ ಮಿತಿ ಎಂಟು ಲಕ್ಷ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಕಲಿತವರಿಗೆ ಗ್ರಾಮೀಣ ಕೋಟಾ ಶೇ.15 ಉಂಟು. ಬೆಳ್ತಂಗಡಿ, ಬಂಟ್ವಾಳ, ಪುತ್ತೂರಿನ ಹಳ್ಳಿಗಳ ನಮ್ಮ ಎಷ್ಟೋ ಮಕ್ಕಳಿಗೆ ಇದು ಸಿಗಬೇಕಾದದ್ದು, ಇಂಗ್ಲಿಷ್ ಮೀಡಿಯಂ ಆದರೂ ಅಡ್ಡಿಯಿಲ್ಲ. ಹತ್ತೂ ವರ್ಷದ ಶಾಲೆಯ ದಾಖಲೆಗೆ ಬಿಇಒ ಸಹಿ ಬೇಕು. ನೀಟ್ ಮುಗಿದ ಮೇಲೆ ಓಡಾಡುವ ಬದಲು ಪಿಯುಸಿಯಲ್ಲಿರುವಾಗಲೇ ಮಾಡಿಸಿಟ್ಟರೆ ಸುಲಭ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಮೆಡಿಕಲ್‌ಗೂ ಸಿಗುತ್ತದೆ, ಬ್ಯಾಂಕ್ ಬಡ್ಡಿ ಇಲ್ಲ, ಸಣ್ಣ ಸೇವಾ ಶುಲ್ಕ ಮಾತ್ರ. ಸರಕಾರಿ ಸೀಟಿನ ಫೀಸಿಗೆ ಅದು ಧಾರಾಳ ಸಾಕಾಗುತ್ತದೆ. ಖಾಸಗಿ ಕೋಟಾದ 12 ಲಕ್ಷಕ್ಕೆ ಎಲ್ಲಿಗೂ ಸಾಲುವುದಿಲ್ಲ.

ನಮ್ಮ ಜಮಾಅತ್‌ಗಳು, ಸಂಘಟನೆಗಳು, ದಾನಿಗಳಲ್ಲಿಯೂ ಒಂದು ವಿನಂತಿ. ಒಬ್ಬ ವಿದ್ಯಾರ್ಥಿಯ ಖಾಸಗಿ ಕೋಟಾದ ಒಂದು ವರ್ಷದ ಫೀಸಿನಲ್ಲಿ ಸರಕಾರಿ ಕಾಲೇಜಿನ 20 ಮಕ್ಕಳ ಒಂದು ವರ್ಷದ ಫೀಸು ಕಟ್ಟಬಹುದು. ಸಹಾಯ ಕೇಳಿ ಬರುವ ಅರ್ಜಿಗಳನ್ನು ನೋಡುವಾಗ ಈ ಲೆಕ್ಕ ಕಣ್ಣ ಮುಂದೆ ಇರಲಿ. ದೂರದ ಸರಕಾರಿ ಸೀಟು ತೆಗೆದುಕೊಂಡ ಹೆಣ್ಣು ಮಕ್ಕಳಿಗೆ ಮೊದಲ ಆದ್ಯತೆ ಕೊಟ್ಟು, ಫೀಸಿನ ಜೊತೆಗೆ ಹಾಸ್ಟೆಲ್ ಖರ್ಚನ್ನೂ ಜಮಾಅತ್ ನೋಡಿಕೊಳ್ಳುತ್ತದೆ ಅಂತ ಜುಮಾ ನಂತರ ಒಂದು ಘೋಷಣೆ ಆದರೆ, "ದೂರ ಯಾಕೆ" ಎಂಬ ಎಷ್ಟೋ ಬಾಯಿಗಳು ಅಲ್ಲೇ ಮುಚ್ಚುತ್ತವೆ.

ಕಾರವಾರ, ಹಾಸನ, ಶಿವಮೊಗ್ಗ, ಗದಗ, ಬೀದರ್, ಎಲ್ಲೇ ಆಗಲಿ, ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ ಈಗ ಓದುತ್ತಿರುವ ಅಥವಾ ಓದಿ ಮುಗಿಸಿದ ನಮ್ಮ ಸಮುದಾಯದ ಮಕ್ಕಳು ಈ ಪುಟಕ್ಕೆ ಎರಡು ಪುಟ ಬರೆದು ಕಳಿಸಿ. ಹಾಸ್ಟೆಲ್ ಹೇಗಿದೆ, ಊಟ ಹೇಗೆ, ರಾತ್ರಿ ಡ್ಯೂಟಿ ಮುಗಿಸಿ ಬರಲು ದಾರಿ ಹೇಗೆ, ತಿಂಗಳಿಗೆ ನಿಜವಾಗಿ ಎಷ್ಟು ಖರ್ಚು. ಕೌನ್ಸೆಲಿಂಗ್ ಮುಗಿಯುವವರೆಗೆ ಪ್ರತೀ ವಾರ ಒಂದೊಂದನ್ನು ಪ್ರಕಟಿಸುತ್ತೇವೆ. ಹೆಸರು ಹಾಕಬೇಡಿ ಅಂದರೆ ಹಾಕುವುದಿಲ್ಲ.